ರಕ್ತಕಣದ ಗಾತ್ರ ಹಿಡಿದು ರಕ್ತಹೀನತೆಯ ಮೂಲ ಹುಡುಕಿದ ಬಗೆ

ರಕ್ತ ಕಡಿಮೆಯಾಗಿದೆ ಎಂದೊಡನೆ ಕಬ್ಬಿಣದ ಮಾತ್ರೆ ನುಂಗುವ ರೂಢಿ ನಮ್ಮಲ್ಲಿ ಬೇರೂರಿದೆ. ಎಲ್ಲ ರಕ್ತಹೀನತೆಗೂ ಕಬ್ಬಿಣದ ಕೊರತೆಯೇ ಕಾರಣವಲ್ಲ ಎಂಬುದಕ್ಕೆ ಬಲವಾದ ಪುರಾವೆ ತೊಂಬತ್ತಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಮುಂಬಯಿಯಲ್ಲಿ ಸಿಕ್ಕಿತ್ತು.

1928ರಲ್ಲಿ ಅಲ್ಲಿಗೆ ಬಂದ ಬ್ರಿಟಿಷ್ ವೈದ್ಯೆ ಲೂಸಿ ವಿಲ್ಸ್, ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರನ್ನು ಕಾಡುತ್ತಿದ್ದ ತೀವ್ರ ರಕ್ತಹೀನತೆಯ ಅಧ್ಯಯನ ಕೈಗೊಂಡರು. ಆ ಹೆಂಗಸರ ಕೆಂಪು ಕಣಗಳ ಸಂಖ್ಯೆ ಕುಸಿದಿತ್ತು. ಕಬ್ಬಿಣದ ಕೊರತೆಯಲ್ಲಿ ಚಿಕ್ಕದಾಗಿ, ಬಿಳಿಚಿಕೊಂಡು ಕಾಣಬೇಕಿದ್ದ ಕಣಗಳು ಇಲ್ಲಿ ಸಾಮಾನ್ಯಕ್ಕಿಂತ ದೊಡ್ಡವಾಗಿದ್ದವು. ಅವರ ಊಟದ ಕಡೆಗೆ ಗಮನ ಹರಿಸಿದ ವಿಲ್ಸ್, ಯೀಸ್ಟ್‌ನಿಂದ ತಯಾರಾಗುವ ಮಾರ್ಮೈಟ್ ಎಂಬ ಅಗ್ಗದ ತಿನಿಸು ಕೊಟ್ಟಾಗ ಅವರು ಚೇತರಿಸಿಕೊಂಡದ್ದನ್ನು 1931ರಲ್ಲಿ ಪ್ರಕಟಿಸಿದರು. ದೊಡ್ಡ ಕಣಗಳೇ ಕಾಣಿಸುವ, ಪರ್ನಿಶಿಯಸ್ ಅನೀಮಿಯಾ ಎಂಬ ಇನ್ನೊಂದು ಬಗೆಯ ರಕ್ತಹೀನತೆಗೆ ರಾಮಬಾಣವಾಗಿದ್ದ ಶುದ್ಧೀಕರಿಸಿದ ಯಕೃತ್ತಿನ ಸಾರ ಇಲ್ಲಿ ಫಲ ಕೊಡಲಿಲ್ಲವೆಂಬುದೂ ಮುಂದೆ ಸ್ಪಷ್ಟವಾಯಿತು. ಒಂದೇ ರೂಪದ ಕಣದ ಹಿಂದೆ ಎರಡು ಬೇರೆ ಜೀವಸತ್ವಗಳ ಕೊರತೆಗಳಿದ್ದವು: ಮುಂಬಯಿಯ ಹೆಂಗಸರಲ್ಲಿ 1941ರಲ್ಲಿ ಹೆಸರು ಪಡೆದ ಫೋಲಿಕ್ ಆಮ್ಲದ್ದು, ಪರ್ನಿಶಿಯಸ್ ಅನೀಮಿಯಾದಲ್ಲಿ 1948ರಲ್ಲಿ ಬೇರ್ಪಡಿಸಲಾದ ಬಿ12ರದ್ದು.

ಗಾತ್ರವನ್ನು ಅಂಕಿಗೆ ಇಳಿಸಿದವರು ಅಮೆರಿಕದ ಮ್ಯಾಕ್ಸ್‌ವೆಲ್ ವಿಂಟ್ರೋಬ್. ರಕ್ತದಲ್ಲಿ ಕಣಗಳು ಆಕ್ರಮಿಸುವ ಪ್ರಮಾಣವನ್ನು ಅವುಗಳ ಸಂಖ್ಯೆಯಿಂದ ಭಾಗಿಸಿ ಸರಾಸರಿ ಗಾತ್ರ ತೆಗೆಯುವ ಅವರ ಲೆಕ್ಕವೇ ಇಂದಿನ ರಕ್ತಪರೀಕ್ಷೆಯ ವರದಿಯಲ್ಲಿ ಎಂಸಿವಿ ಎಂದು ಮುದ್ರಿತವಾಗುತ್ತದೆ. ವಯಸ್ಕರಲ್ಲಿ ಅದು ಸಾಮಾನ್ಯವಾಗಿ 80ರಿಂದ 100 ಫೆಮ್ಟೊಲೀಟರ್ (ಅತಿ ಸೂಕ್ಷ್ಮ ಗಾತ್ರದ ಅಳತೆ).

ಎಂಸಿವಿಯನ್ನು ಕಣಗಳ ಸಂಖ್ಯೆಯ ಜೊತೆಗಿಟ್ಟು ಓದಿದಾಗಲೇ ಅದರ ನಿಜವಾದ ಪ್ರಯೋಜನ. ಎಂಸಿವಿ 65 ಇದ್ದು, ಒಂದು ಘನ ಮಿಲಿಮೀಟರ್ ರಕ್ತದಲ್ಲಿ 55 ಲಕ್ಷ (ಅಂದರೆ 5.5 ಮಿಲಿಯನ್) ಕಣಗಳಿದ್ದರೆ, 65ನ್ನು 5.5ರಿಂದ ಭಾಗಿಸಿದಾಗ ಸುಮಾರು 11.8 ಬರುತ್ತದೆ. 1973ರಲ್ಲಿ ಮೆಂಟ್ಜರ್ ಎಂಬ ವೈದ್ಯರು ಸೂಚಿಸಿದ ಪ್ರಕಾರ ಇದು 13ಕ್ಕಿಂತ ಕಡಿಮೆಯಿದ್ದರೆ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ದೋಷವಾದ ಥಲಸ್ಸೇಮಿಯಾದ ವಾಹಕತೆಯ ಸಂಶಯ ಬಲವಾಗುತ್ತದೆ. ಕಬ್ಬಿಣ ಕಡಿಮೆಯಾದವರಲ್ಲಿ ಸಂಖ್ಯೆಯೂ ಇಳಿಯುವುದರಿಂದ ಭಾಗಲಬ್ಧ ಹೆಚ್ಚುತ್ತದೆ. ಇದು ಸುಳಿವು ಮಾತ್ರ. ತೀರ್ಮಾನಕ್ಕೆ ದೇಹದ ಕಬ್ಬಿಣದ ಸಂಗ್ರಹ ತಿಳಿಸುವ ಫೆರಿಟಿನ್ ಮತ್ತು ಥಲಸ್ಸೇಮಿಯಾ ವಾಹಕತೆ ಪತ್ತೆಗೆ ನೆರವಾಗುವ ಹಿಮೋಗ್ಲೋಬಿನ್ ಎ2 ಪರೀಕ್ಷೆಗಳು ಬೇಕು. ವಾಹಕರಲ್ಲಿ ಕಬ್ಬಿಣದ ಕೊರತೆಯಿಲ್ಲದಿದ್ದರೆ ತಿಂಗಳುಗಟ್ಟಲೆ ಮಾತ್ರೆ ನುಂಗಿದರೂ ಕಣದ ಗಾತ್ರ ಬದಲಾಗುವುದಿಲ್ಲ.

ಸರಾಸರಿಗೂ ಒಂದು ಮಿತಿಯಿದೆ. ಕಬ್ಬಿಣ ಮತ್ತು ಬಿ12 ಎರಡೂ ಕಡಿಮೆಯಾದವರಲ್ಲಿ ಚಿಕ್ಕ ಕಣ, ದೊಡ್ಡ ಕಣಗಳು ಬೆರೆತು ಎಂಸಿವಿ ಸರಿಯಾಗಿಯೇ ಕಾಣಬಹುದು; ಆಗ ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ದೊಡ್ಡ ಕಣ ಕಂಡಾಗ ಬಿ12 ಮಟ್ಟ ಪರೀಕ್ಷಿಸದೆ ಬರೀ ಫೋಲಿಕ್ ಆಮ್ಲ ಕೊಡುವುದಂತೂ ಅಪಾಯಕಾರಿ, ಏಕೆಂದರೆ ರಕ್ತದ ವರದಿ ಸುಧಾರಿಸುತ್ತಿರುವಾಗಲೇ ಬಿ12 ಕೊರತೆಯಿಂದ ನರಗಳಿಗೆ ಆಗುವ ಹಾನಿ ಮುಂದುವರಿಯುತ್ತಿರುತ್ತದೆ.