ಆ ಕಪ್ಪು ಬೇಸ್ ಮೂರನೇ ಸಲ ನನ್ನ ಮೇಜಿಗೆ ಬಂತು

ಮೊದಲ ಸಲ ಅದನ್ನು ತಂದವನು ಜಯಲಕ್ಷ್ಮೀಪುರಂನಲ್ಲಿ ರೂಮ್ ಮಾಡಿಕೊಂಡಿದ್ದ ಎಂಜಿನಿಯರಿಂಗ್ ಹುಡುಗ. ಎರಡನೇ ಸಲ ಬೋಗಾದಿಯ ಒಬ್ಬ ಸಾಫ್ಟ್‌ವೇರ್ ಉದ್ಯೋಗಿ. ಮೂರನೇ ಸಲ ಮಂಡ್ಯ ಕಡೆಯ ಹುಡುಗನೊಬ್ಬ ಬೈಕಿನ ಹಿಂದೆ, ಅಮ್ಮನ ಹಳೇ ಸೀರೆಯಲ್ಲಿ ಸುತ್ತಿ ಕಟ್ಟಿಕೊಂಡು ಬಂದ. ಸೀರೆ ಬಿಚ್ಚಿದರೆ ಅದೇ ನಾಲ್ಕು ತಂತಿಯ ಕಪ್ಪು ಬೇಸ್ ಗಿಟಾರ್, ಹಾಡಿನ ಕೆಳಗಿನ ದಪ್ಪ ಸ್ವರ ನುಡಿಸುವ ಗಿಟಾರ್. ಕೆಳಗಿನ ನಾಬ್ ಪಕ್ಕ ಯಾರೋ ಸಿಗರೇಟಿನಲ್ಲಿ ಸುಟ್ಟ ಗುರುತು. ಹಳೇ ನೆಂಟರನ್ನು ಬಸ್ ಸ್ಟ್ಯಾಂಡಿನಲ್ಲಿ ಕಂಡ ಹಾಗಾಯಿತು.

ಮೈಸೂರಿನಲ್ಲಿ ಗಿಟಾರ್ ರಿಪೇರಿ ಮಾಡುವವನಿಗೆ ಇದು ಹೊಸದಲ್ಲ. ಇಲ್ಲಿ ಬೇಸ್ ನುಡಿಸುವವರೇ ಕಡಿಮೆ, ಹಾಗಾಗಿ ಅವೇ ವಾದ್ಯಗಳು ಅವೇ ಕೈಗಳಲ್ಲಿ ಸುತ್ತುತ್ತಿರುತ್ತವೆ. ಮೊದಲಿನ ಇಬ್ಬರೂ ಆ ಬೇಸನ್ನು ಯಾಕೆ ಮಾರಿದರು ಅಂತ ನನಗೆ ಗೊತ್ತು. ವಾದ್ಯ ಕೆಟ್ಟಿರಲಿಲ್ಲ. ಹುಡುಗನ ಬ್ಯಾಂಡಿನ ನಾಲ್ವರಲ್ಲಿ ಮೂವರಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, ಬ್ಯಾಂಡ್ ಮುಗೀತು. ಸಾಫ್ಟ್‌ವೇರ್ ಉದ್ಯೋಗಿಗೆ ಬ್ಯಾಂಡೇ ಇರಲಿಲ್ಲ. ಆಸೆಯಿಂದ ತಗೊಂಡರು, ಎಂಟು ತಿಂಗಳು ಬೀರುವಿನ ಪಕ್ಕ ನಿಲ್ಲಿಸಿದ್ದರು, ಮಾರಿದರು.

ಅದಕ್ಕೇ ನನ್ನ ಹತ್ತಿರ ಬೇಸ್ ವಿಚಾರ ಕೇಳಿಕೊಂಡು ಬರುವವರಿಗೆ ನಾನು ಮೊದಲು ಕೇಳುವುದು, ಯಾರ ಜೊತೆ ನುಡಿಸ್ತೀರಿ ಅಂತ. ವೀಣೆಯಾದರೆ ಒಬ್ಬರೇ ಕೂತು ಸಂಜೆಯಿಡೀ ನುಡಿಸಬಹುದು. ಮಾಮೂಲಿ ಗಿಟಾರ್ ಆದರೆ ನಾಲ್ಕು ಕಾರ್ಡ್ ಹಿಡಿದು ಹಾಡಿಕೊಳ್ಳಬಹುದು. ಬೇಸ್ ಹಾಗಲ್ಲ. ಡ್ರಮ್ಸ್ ಜೊತೆ ಸೇರಿದಾಗಲೇ ಅದಕ್ಕೆ ಜೀವ. ಒಂಟಿ ಬೇಸ್ ಅಂದರೆ ಪಲ್ಯ, ಚಟ್ನಿ ಇಲ್ಲದ ಬರೀ ದೋಸೆ, ಮೂರು ದಿನ ತಿನ್ನಬಹುದು ಅಷ್ಟೆ. ಮೊದಲು ಜನ ಹುಡುಕಿ, ಆಮೇಲೆ ವಾದ್ಯ ತಗೊಳ್ಳಿ ಅಂತ ಹೇಳ್ತೀನಿ. ಯಾರೂ ಕೇಳುವುದಿಲ್ಲ. ಹೋಗಲಿ, ವಾದ್ಯದಿಂದಲೇ ಶುರು ಮಾಡೋಣ.

ಮಾರುವವರು ಫೋನಿನಲ್ಲಿ ವಿಡಿಯೋ ಕಳಿಸ್ತಾರೆ. ಸೌಂಡ್ ಚೆನ್ನಾಗಿದೆ ಕೇಳಿ ಅಂತಾರೆ. ಬೇಸಿನ ದಪ್ಪ ತಂತಿ ಅಂದರೆ ಇ ತಂತಿ ಕಂಪಿಸುವುದು ಸೆಕೆಂಡಿಗೆ ಸುಮಾರು 41 ಸಲ. ಅಷ್ಟು ಕೆಳಗಿನ ಸ್ವರ ಫೋನಿನ ಸ್ಪೀಕರಿನಲ್ಲಿ ಬರುವುದೇ ಇಲ್ಲ. ನೀವು ಕೇಳುವುದು ಅದರ ಮೇಲಿನ ಸ್ವರಗಳನ್ನು ಮಾತ್ರ, ಉಳಿದದ್ದನ್ನು ನಿಮ್ಮ ಕಿವಿ ತಾನೇ ತುಂಬಿಕೊಳ್ಳುತ್ತದೆ. ವಿಡಿಯೋ ನೋಡಿ ಅಡ್ವಾನ್ಸ್ ಹಾಕಬೇಡಿ. ಹಗಲಿನಲ್ಲಿ ಹೋಗಿ, ಕೈಯಲ್ಲಿ ಹಿಡಿದು, ಆಂಪಿಗೆ, ಅಂದರೆ ಸದ್ದು ದೊಡ್ಡದು ಮಾಡುವ ಸ್ಪೀಕರ್ ಪೆಟ್ಟಿಗೆಗೆ, ಹಾಕಿ ನೋಡಿ. ಕೇಬಲ್ ನಿಮ್ಮದೇ ತಗೊಂಡು ಹೋಗಿ, ಇಲ್ಲದಿದ್ದರೆ ಕರಕರ ಅನ್ನುವುದು ಬೇಸೋ ಕೇಬಲ್ಲೋ ಅಂತ ತಿಳಿಯದೆ ವಾಪಸ್ ಬರ್ತೀರಿ.

ಹಗಲಿನಲ್ಲಿ ಅಂತ ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾನು ಈ ಕೆಲಸಕ್ಕೆ ಬರುವ ಮೊದಲು ಒಂದು ಸಂಜೆ ಕರೆಂಟ್ ಹೋಗಿದ್ದಾಗ ಮೊಬೈಲ್ ಟಾರ್ಚಿನಲ್ಲಿ ನೋಡಿ 8,000 ರೂಪಾಯಿಗೆ ಒಂದು ಬೇಸ್ ತಗೊಂಡೆ. ಬಣ್ಣ ಫಳಫಳ ಅನ್ನುತ್ತಿತ್ತು. ಬೆಳಿಗ್ಗೆ ಕಿಟಕಿ ಹತ್ತಿರ ಹಿಡಿದು ನೋಡಿದರೆ ನೆಕ್, ಅಂದರೆ ಬೆರಳಿಡುವ ಉದ್ದನೆಯ ಮರದ ಕುತ್ತಿಗೆ, ತಿರುಚಿಕೊಂಡಿದೆ, ಒದ್ದೆ ಬಟ್ಟೆ ಹಿಂಡುವಾಗ ಮೊದಲ ಸುತ್ತಿಗೆ ಹೇಗಿರುತ್ತೋ ಹಾಗೆ. ಅದು ಈಗಲೂ ನನ್ನ ಅಂಗಡಿ ಗೋಡೆಯ ಮೇಲಿದೆ. ಅದಕ್ಕೆ ಕೇಬಲ್ ನೇತುಹಾಕ್ತೀನಿ.

ಹಳೇ ಬೇಸಿನಲ್ಲಿ ನೀವು ದುಡ್ಡು ಕೊಡುವುದು ನೆಕ್ಕಿಗೆ. ಉಳಿದದ್ದೆಲ್ಲ ಬದಲಾಯಿಸಬಹುದು. ನಾಲ್ಕು ತಂತಿಗಳನ್ನು ಶ್ರುತಿ ಮಾಡಿದಾಗ ಒಟ್ಟು 70 ಕಿಲೋಗೂ ಜಾಸ್ತಿ ಎಳೆತ ಆ ಮರದ ಮೇಲಿರುತ್ತದೆ, ಹಗಲೂ ರಾತ್ರಿ, ವರ್ಷಗಟ್ಟಲೆ, ಒಬ್ಬ ದೊಡ್ಡ ಆಳು ಅದಕ್ಕೆ ಜೋತುಬಿದ್ದ ಹಾಗೆ. ಆ ಎಳೆತಕ್ಕೆ ಎದುರಾಗಿ ನಿಲ್ಲಲಿ ಅಂತ ನೆಕ್ ಒಳಗೆ ಒಂದು ಕಬ್ಬಿಣದ ಸರಳು ಇರುತ್ತದೆ, ಟ್ರಸ್ ರಾಡ್ ಅಂತಾರೆ. ಪರೀಕ್ಷೆ ಸುಲಭ. ನೆಕ್ ಮೇಲೆ ಅಡ್ಡಡ್ಡ ಕೂರಿಸಿರುವ ಲೋಹದ ಪಟ್ಟಿಗಳಿಗೆ ಫ್ರೆಟ್ ಅಂತಾರೆ. ಒಂದು ಬೆರಳಿನಿಂದ ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲಿ ಒತ್ತಿ, ಇನ್ನೊಂದು ಕೈಯಿಂದ ಕೊನೇ ಫ್ರೆಟ್ಟಿನಲ್ಲಿ ಒತ್ತಿ. ಈಗ ತಂತಿಯೇ ನಿಮ್ಮ ಸ್ಕೇಲು. ಏಳು ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್ಟಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ನುಸುಳುವಷ್ಟು ಸಂದು ಇದ್ದರೆ ಆರೋಗ್ಯ ಚೆನ್ನಾಗಿದೆ. ಸಂದು ಜಾಸ್ತಿ ಇದ್ದರೆ ನೆಕ್ ಬಿಲ್ಲಿನ ಹಾಗೆ ಮುಂದಕ್ಕೆ ಬಾಗಿದೆ. ಸಂದೇ ಇಲ್ಲದಿದ್ದರೆ ಹಿಂದಕ್ಕೆ ಬಾಗಿರಬಹುದು. ಎರಡನ್ನೂ ಸಾಮಾನ್ಯವಾಗಿ ಟ್ರಸ್ ರಾಡ್ ತಿರುಗಿಸಿ ಸರಿಮಾಡಬಹುದು, ರಾಡಿನ ನಟ್ ಸರಿಯಾಗಿದ್ದರೆ. ಅದನ್ನೇ ನೋಡಬೇಕಾಗಿರುವುದು. ಅಲೆನ್ ಕೀ ಹಾಕಿದರೆ ಕೂರುತ್ತದಾ, ಅಥವಾ ಹಿಂದಿನವರು ಬಲ ಹಾಕಿ ಸವೆಸಿಬಿಟ್ಟಿದ್ದಾರಾ? ಮಾರುವವರನ್ನು ಕೇಳಿಯೇ ಕೈ ಹಾಕಿ, ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಬೇಡಿ. ತಿರುಚಿದ ನೆಕ್ಕಿಗೆ ಮಾತ್ರ ಈ ರಾಡಿನಲ್ಲಿ ಮದ್ದಿಲ್ಲ. ಬುಡದಲ್ಲಿ ತಂತಿಗಳು ಕೂರುವ ಬ್ರಿಡ್ಜ್ ಕಡೆಯಿಂದ ಒಂದು ಕಣ್ಣು ಮುಚ್ಚಿ ನೆಕ್ ಉದ್ದಕ್ಕೂ ನೋಡಿ, ಬಡಗಿಗಳು ಹಲಗೆ ನೋಡುವ ಹಾಗೆ. ಎರಡು ಅಂಚೂ ಸಮ ಕಾಣದಿದ್ದರೆ ಟೀ ಕುಡಿದು ಎದ್ದು ಬನ್ನಿ.

ಅಂದ ಹಾಗೆ ಆ ನೆಕ್ ಮೇಲೆ ಅಂಟಿಸಿರುವ ಕಂದು ಹಲಗೆ ಎಷ್ಟೋ ಬೇಸ್‌ಗಳಲ್ಲಿ ರೋಸ್‌ವುಡ್, ಅಂದರೆ ನಮ್ಮ ಬೀಟೆ. ಮೈಸೂರು ಇನ್ಲೇ ಕೆಲಸದ ಮರ. ಒಣಗಿ ಬೆಳ್ಳಗಾಗಿದ್ದರೆ ಹೆದರಬೇಡಿ, ನಿಂಬೆ ಎಣ್ಣೆ ಅಂತ ವಾದ್ಯಕ್ಕೆ ಮಾರುವುದನ್ನು ತೆಳ್ಳಗೆ ಸವರಿದರೆ ಬಣ್ಣ ವಾಪಸ್ ಬರುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿ ತಂದವರೂ ಇದ್ದಾರೆ. ದಯವಿಟ್ಟು ಬೇಡ.

ಬೇಸಿನ ತಲೆ, ಅಂದರೆ ತಂತಿ ಬಿಗಿಮಾಡುವ ಕಿವಿಗಳಿರುವ ತುದಿ, ಅದರ ಹಿಂಭಾಗ ನೋಡಿ. ಅಲ್ಲಿ ಸ್ಟಿಕರ್ ಅಂಟಿಸಿದ್ದರೆ ಕೆಳಗೆ ಬಿರುಕು ಇರಬಹುದು, ಉಗುರಿನಿಂದ ಮುಟ್ಟಿ ನೋಡಿ. ಆಮೇಲೆ ಪ್ರತಿ ತಂತಿಯ ಪ್ರತಿ ಫ್ರೆಟ್ ಒತ್ತಿ ನುಡಿಸಿ. 20 ಫ್ರೆಟ್ ಇದ್ದರೆ 80 ಜಾಗ, ಐದು ನಿಮಿಷದ ಕೆಲಸ. ಎಲ್ಲಿ ಝರ್ ಅನ್ನುತ್ತೆ ಅಂತ ಗೊತ್ತಾಗುತ್ತದೆ. ಸಣ್ಣ ತಂತಿಯಲ್ಲಿ ಐದರಿಂದ ಏಳನೇ ಫ್ರೆಟ್ ಸುತ್ತ ಒಂದು ಸ್ವರ ಬೇಗ ಸತ್ತುಹೋದರೆ ಗಾಬರಿಯಾಗಬೇಡಿ. ಫೆಂಡರ್ ಕಂಪನಿ ಮಾದರಿಯ ತುಂಬಾ ಬೇಸ್‌ಗಳಲ್ಲಿ, ದುಬಾರಿಯವುಗಳಲ್ಲೂ ಅದು ಇರುತ್ತದೆ.

ನಾಬ್ ತಿರುಗಿಸಿದರೆ ಕರಕರ ಅನ್ನುವುದು ದೊಡ್ಡ ರೋಗವಲ್ಲ. ಕಾಂಟ್ಯಾಕ್ಟ್ ಕ್ಲೀನರ್ ಅನ್ನುವ ಸ್ಪ್ರೇ ಹೊಡೆದು ಹತ್ತು ಸಲ ತಿರುಗಿಸಿದರೆ ಬಹಳಷ್ಟು ಸಲ ಹೋಗುತ್ತದೆ. ಆದರೆ ಅದನ್ನು ತೋರಿಸಿ ನೀವು 500 ರೂಪಾಯಿ ಇಳಿಸಬಹುದು, ಅದು ನಿಮ್ಮ ಹಕ್ಕು. ಆಕ್ಟಿವ್ ಬೇಸ್, ಅಂದರೆ ಒಳಗೇ ಪುಟ್ಟ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಇರುವುದು ಆದರೆ, ಸಾಮಾನ್ಯವಾಗಿ ಒಳಗೆ 9 ವೋಲ್ಟ್ ಬ್ಯಾಟರಿ ಇರುತ್ತದೆ. ಹಿಂದಿನ ಮುಚ್ಚಳ ತೆಗೆಸಿ ನೋಡಿ, ಬ್ಯಾಟರಿ ಸೋರಿ ಹಸಿರು ಕಿಲುಬು ಹಿಡಿದಿದ್ದರೆ ರಿಪೇರಿ ಖರ್ಚು ಲೆಕ್ಕಕ್ಕೆ ಸೇರಿಸಿ. ಸಾಮಾನ್ಯವಾಗಿ ಕೇಬಲ್ ಸಿಕ್ಕಿಸಿದ ಕೂಡಲೇ ಆ ಬ್ಯಾಟರಿ ಆನ್ ಆಗುತ್ತದೆ, ಬೇರೆ ಸ್ವಿಚ್ ಇರುವುದಿಲ್ಲ. ನುಡಿಸಿ ಮುಗಿದ ಮೇಲೆ ಕೇಬಲ್ ಕೀಳದೆ ದಿನಗಟ್ಟಲೆ ಹಾಗೇ ಬಿಟ್ಟರೆ ಬ್ಯಾಟರಿ ಇಳಿದುಹೋಗುತ್ತದೆ. ಬೇಸ್ ಕೆಟ್ಟಿದೆ ಅಂತ ನನ್ನ ಹತ್ತಿರ ಬರುವವರಲ್ಲಿ ಎಷ್ಟೋ ಜನಕ್ಕೆ ಕೆಟ್ಟಿರುವುದು ಬ್ಯಾಟರಿ ಮಾತ್ರ.

ತಂತಿ ಹಳೇದಾಗಿದ್ದರೆ ಹೊಸ ಸೆಟ್ಟಿಗೆ 2,000 ರೂಪಾಯಿ ಆಸುಪಾಸು ಆಗುತ್ತದೆ, ಅದನ್ನೂ ಚೌಕಾಸಿಯಲ್ಲಿ ಸೇರಿಸಿ. ಕಾಸಿಲ್ಲದ ಕಾಲದಲ್ಲಿ ನಾವು ತಂತಿ ಬಿಚ್ಚಿ ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಬೇಯಿಸುತ್ತಿದ್ದೆವು. ಸುರುಳಿಯೊಳಗಿನ ಜಿಡ್ಡು ಬಿಟ್ಟು ಒಂದೆರಡು ವಾರ ಹೊಸದರ ಹಾಗೆ ಮೊಳಗುತ್ತಿತ್ತು. ಅಮ್ಮ ಆ ಪಾತ್ರೆಯಲ್ಲಿ ಮತ್ತೆ ಸಾರು ಮಾಡಲಿಲ್ಲ.

ಬೆಲೆ ವಿಚಾರ. ನೆಕ್ ನೆಟ್ಟಗಿದ್ದು ಬಿರುಕಿಲ್ಲದಿದ್ದರೆ ಅದೇ ಮಾದರಿಯ ಹೊಸದರ ಅರ್ಧದಿಂದ ಮೂರನೇ ಎರಡು ಭಾಗದ ತನಕ ಕೊಡಬಹುದು ಅನ್ನುವುದು ನನ್ನ ಲೆಕ್ಕ. ಮೊದಲ ಬೇಸ್ ಆದರೆ ಹೆಸರಿಗೆ ಮರುಳಾಗಬೇಡಿ. ತಲೆಯ ಮೇಲಿನ ದೊಡ್ಡ ಕಂಪನಿಯ ಹೆಸರು ಬರೀ ಅಂಟಿಸಿದ ಕಾಗದ ಆಗಿರುವುದನ್ನು ನಾನೇ ನೋಡಿದ್ದೇನೆ. ಸಾಮಾನ್ಯ ಬೇಸಿನಲ್ಲಿ ತಂತಿ ಕಂಪಿಸುವ ಉದ್ದ, ಅಂದರೆ ಸ್ಕೇಲ್, 34 ಇಂಚು. ಕೈ ಚಿಕ್ಕದಾದವರಿಗೆ 30 ಇಂಚಿನ ಶಾರ್ಟ್ ಸ್ಕೇಲ್ ಸಿಕ್ಕರೆ ನಾಚಿಕೆ ಪಡದೆ ತಗೊಳ್ಳಿ.

ಮಾರುವವರಿಗೂ ಎರಡು ಮಾತು. ದೋಷ ಇದ್ದರೆ ನೀವೇ ಮೊದಲು ಹೇಳಿಬಿಡಿ. ಈ ಊರಿನಲ್ಲಿ ಬೇಸ್ ಮಾರಿದವರು ಮುಂದಿನ ತಿಂಗಳು ಕೊಂಡವರ ಎದುರಿಗೇ ಯಾವುದೋ ಕಾಲೇಜು ಫೆಸ್ಟಿನಲ್ಲಿ ನಿಂತಿರುತ್ತಾರೆ. ಪಾರ್ಸಲ್ ಮಾಡುವುದಾದರೆ ತಂತಿಯನ್ನು ಸ್ವಲ್ಪ ಸಡಿಲ ಮಾಡಿ, ತಲೆಯ ಕೆಳಗೆ ಮೆತ್ತಗೆ ಬಟ್ಟೆ ತುಂಬಿ. ಇನ್ನು ನಾನು ಸೈನ್ಯದಲ್ಲಿದ್ದೇನೆ, ನೋಡದೇ ತಗೋತೀನಿ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂತ ಯಾರಾದರೂ ಫೋನ್ ಮಾಡಿದರೆ ಕಟ್ ಮಾಡಿ. ಯುಪಿಐನಲ್ಲಿ ದುಡ್ಡು ಬರಬೇಕಾದರೆ ಪಿನ್ ಹಾಕುವ ಅಗತ್ಯವೇ ಇಲ್ಲ, ಹೋಗಬೇಕಾದರೆ ಮಾತ್ರ.

ಈಗ ಜನರ ವಿಷಯ. ಕೊಳ್ಳಲು ಹೋದಾಗ ಯಾಕೆ ಮಾರ್ತಾ ಇದ್ದೀರಿ ಅಂತ ಕೇಳಿಯೇ ಕೇಳ್ತೀರಿ. ಅಲ್ಲಿಗೇ ನಿಲ್ಲಿಸಬೇಡಿ. ನಿಮ್ಮ ಜೊತೆ ಡ್ರಮ್ಸ್ ನುಡಿಸುತ್ತಿದ್ದವರು ಈಗ ಏನು ಮಾಡ್ತಾ ಇದ್ದಾರೆ ಅಂತಲೂ ಕೇಳಿ. ಬ್ಯಾಂಡ್ ಒಡೆದದ್ದಕ್ಕೆ ಬೇಸ್ ಮಾರಾಟಕ್ಕಿದೆ ಅಂದರೆ, ಎಲ್ಲೋ ಒಬ್ಬ ಡ್ರಮ್ಮರ್ ಕೂಡ ಖಾಲಿ ಕೂತಿದ್ದಾನೆ ಅಂತ ಅರ್ಥ ಅಲ್ವಾ? ಹೀಗೆ ಒಂದು ಬೇಸ್ ಜೊತೆ ಒಬ್ಬ ಡ್ರಮ್ಮರನ್ನೂ ಕರೆದುಕೊಂಡು ಬಂದವರಿದ್ದಾರೆ.

ಊರಿನಲ್ಲಿ ಗಿಟಾರಿಸ್ಟುಗಳಿಗೆ ಬರ ಇಲ್ಲ. ಬೇಸ್ ಹಿಡಿದವರು ಸಿಗುವುದೇ ಕಷ್ಟ, ಹಾಗಾಗಿ ನಿಮಗೆ ಬೇಡಿಕೆ ಇರುತ್ತದೆ. ಆದರೂ ಬೇಸಿಸ್ಟ್ ಇದ್ದೀನಿ, ಬ್ಯಾಂಡ್ ಬೇಕು ಅಂತ ಸುಮ್ನೆ ಒಂದು ಸಾಲು ಹಾಕಿದರೆ ಯಾರೂ ಬರುವುದಿಲ್ಲ. ನನಗೆ ಇಷ್ಟವಾದ ಒಂದು ಚೀಟಿ ಹೀಗಿತ್ತು: ಕುವೆಂಪುನಗರ. ನಾವು ಮೂವರು, ಡ್ರಮ್ಸ್, ಗಿಟಾರ್, ಹಾಡು. ಭಾನುವಾರ ಬೆಳಿಗ್ಗೆ 10ರಿಂದ 1. ಕನ್ನಡ ಸಿನಿಮಾ ಹಾಡು, ಸ್ವಲ್ಪ ರಾಕ್. ಆಂಪ್ ಇದೆ, ಬೇಸ್ ನೀವೇ ತರಬೇಕು. ಸದ್ಯಕ್ಕೆ ದುಡ್ಡಿಲ್ಲ, ತಿಂಡಿ ಇದೆ. ಜಾಗ, ದಿನ, ಹಾಡು, ದುಡ್ಡು, ಎಲ್ಲ ಬಂತು. ಬ್ಯಾಂಡ್ ಒಡೆಯುವುದು ಸಂಗೀತದಿಂದ ಕಡಿಮೆ. ಭಾನುವಾರ ಯಾರು ಎಷ್ಟು ಗಂಟೆಗೆ ಏಳುತ್ತಾರೆ ಅನ್ನುವುದರಿಂದಲೇ ಜಾಸ್ತಿ. ಮೊದಲ ಸಲ ಸೇರಿದಾಗ ಹತ್ತು ಹಾಡು ಬೇಡ, ಮೂರು ಸಾಕು. ಡ್ರಮ್ಮರ್ ಜೊತೆ ಇಬ್ಬರೇ ಕಾಲು ಗಂಟೆ ನುಡಿಸಿ ನೋಡಿ. ಅವರ ಕಿಕ್, ಅಂದರೆ ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮಿನ ಪೆಟ್ಟು, ಬೀಳುವ ಜಾಗಕ್ಕೆ ನಿಮ್ಮ ಬೆರಳು ತಾನಾಗಿ ಹೋಗುತ್ತಿದ್ದರೆ ಉಳಿದದ್ದು ಹೊಂದಿಕೊಳ್ಳುತ್ತದೆ.

ಎಲ್ಲಿ ಹುಡುಕುವುದು? ಚರ್ಚುಗಳ ಕ್ವಾಯರ್‌ನಲ್ಲಿ ಪ್ರತಿ ವಾರ ತಪ್ಪದೆ ನುಡಿಸುವ ಹುಡುಗರಿರುತ್ತಾರೆ, ಶಿಸ್ತು ಅವರದು. ದಸರಾ ಮುಂಚೆ ಮಾನಸಗಂಗೋತ್ರಿ ಬಯಲು ರಂಗಮಂದಿರದ ಯುವ ಸಂಭ್ರಮಕ್ಕೆ ಹೋಗಿ ನಿಂತರೆ ಎಷ್ಟೋ ಕಾಲೇಜಿನ ಹುಡುಗರು ಕಣ್ಣಿಗೆ ಬೀಳುತ್ತಾರೆ. ಡ್ರಮ್ಸ್ ಹೇಳಿಕೊಡುವ ಮೇಷ್ಟ್ರುಗಳ ಪರಿಚಯ ಮಾಡಿಕೊಳ್ಳಿ, ಯಾರಿಗೆ ಯಾರು ಬೇಕು ಅಂತ ಅವರಿಗೆ ಗೊತ್ತಿರುತ್ತದೆ.

ಮಂಡ್ಯ ಕಡೆ ದಾರಿಯೇ ಬೇರೆ. ಅಲ್ಲಿ ಬ್ಯಾಂಡ್ ಅಂದರೆ ಆರ್ಕೆಸ್ಟ್ರಾ. ಗಣೇಶ ಬಂದರೆ ಊರೂರಲ್ಲಿ ಪೆಂಡಾಲು, ರಾತ್ರಿಯಿಡೀ ಹಾಡು. ಖರ್ಚು ಉಳಿಸಲು ಕೆಲವು ತಂಡಗಳು ಕೀಬೋರ್ಡಿನವರ ಎಡಗೈಯಲ್ಲೇ ಬೇಸ್ ಮುಗಿಸಿಬಿಡುತ್ತವೆ, ಅದು ನನಗೆ ಬೇಜಾರು. ಆದರೆ ಬೇಸ್ ಇರುವ ತಂಡದಲ್ಲಿ ಒಂದು ಸೀಜನ್ ನುಡಿಸಿದವರಿಗೆ ಯಾವ ಪಾಠವೂ ಬೇಡ. ಗಾಯಕರು ಸ್ಟೇಜ್ ಮೇಲೆ ನಿಂತು ಅರ್ಧ ಸ್ವರ ಇಳಿಸು ಅಂದರೆ ಆ ಕ್ಷಣದಲ್ಲೇ ಇಳಿಸಬೇಕು.

ಆ ಸೀರೆ ಸುತ್ತಿದ ಕಪ್ಪು ಬೇಸ್ ಈಗಿರುವುದು ಅಂಥದೇ ತಂಡದಲ್ಲಿ. ಕರಕರ ಅಂತಿದೆ ಅಣ್ಣ ಅಂದ ಹುಡುಗ. ಮುಚ್ಚಳ ಬಿಚ್ಚಿದೆ. ಒಳಗಿಂದ ಇರುವೆ ಹೊರಟವು, ಒಂದಲ್ಲ ಎರಡಲ್ಲ, ಸಾಲಾಗಿ. ಅವರು ಪ್ರಾಕ್ಟೀಸ್ ಮಾಡುವುದು ಕೆಲಸ ನಿಂತಿರುವ ಒಂದು ಆಲೆಮನೆಯಲ್ಲಂತೆ. ಸೀರೆ ತುಂಬಾ ಬೆಲ್ಲದ ವಾಸನೆ, ನಾಬ್ ಕೆಳಗೆ ಅಂಟು. ಬ್ರಷ್ಷಿನಲ್ಲಿ ಗುಡಿಸಿ, ಕ್ಲೀನರ್ ಹೊಡೆದು, ನೆಕ್ ನೋಡಿದೆ. ಈ ಮೂರು ಸಲದಲ್ಲಿ ಅದು ಇಷ್ಟು ನೆಟ್ಟಗೆ ಯಾವತ್ತೂ ಇರಲಿಲ್ಲ. ಒಳ್ಳೆ ಬೆಲೆ ಬರುತ್ತೆ, ಕೇಳುವವರು ಇದ್ದಾರೆ, ಮಾರ್ತೀಯೇನಪ್ಪ ಅಂದೆ.

"ಗಣೇಶನ್ ಸೀಜನ್ ಮುಗೀಲಿ ಕಣಣ್ಣ, ಹದ್ನಾಕ್ ಪ್ರೋಗ್ರಾಮ್ ಐತೆ," ಅಂದ. ಆಮೇಲೆ ಸೀರೆಯನ್ನು ಅಂಗಳದಲ್ಲಿ ಜೋರಾಗಿ ಒಂದು ಸಲ ಒದರಿ, ಮತ್ತೆ ಬೇಸಿಗೆ ಸುತ್ತಿಕೊಂಡು ಹೋದ.