ಹಗ್ಗಕ್ಕೆ ಸಿಕ್ಕ ತಿಮಿಂಗಿಲ: ತೇಲುವ ತುದಿಯನ್ನು ಯಾಕೆ ಕತ್ತರಿಸಬಾರದು?

ಅಮೆರಿಕದ ಪಶ್ಚಿಮ ಕರಾವಳಿಯ ದೋಣಿಯವರಿಗೆ, ಮೀನುಗಾರರಿಗೆ ನೋವಾ (ಅಮೆರಿಕ ಸರ್ಕಾರದ ಸಾಗರ ಮತ್ತು ಹವಾಮಾನ ಇಲಾಖೆ) ನಡೆಸುವ ಆನ್‌ಲೈನ್ ತರಬೇತಿ ಇದೆ. ಅದರ ಮೊದಲ ಹಂತ ಓದುತ್ತಿರುವವರಿಗಾಗಿ ಈ ಟಿಪ್ಪಣಿ. ಈ ಹಂತದವರು ತಿಮಿಂಗಿಲವನ್ನು ಬಿಡಿಸೋದಿಲ್ಲ. ನೋಡಬೇಕು, ತಿಳಿಸಬೇಕು, ತಂಡ ಬರುವವರೆಗೆ ಕಣ್ಣಿಟ್ಟಿರಬೇಕು.

ಹಿನ್ನೆಲೆ ಚುಟುಕಾಗಿ: ಕ್ಯಾಲಿಫೋರ್ನಿಯಾದಲ್ಲಿ ಡಂಜನೆಸ್ ಏಡಿ ಹಿಡಿಯುವ ಬೋನು ಸಮುದ್ರದ ತಳದಲ್ಲಿರುತ್ತದೆ, ಅಲ್ಲಿಂದ ಒಂದು ಹಗ್ಗ ನೀರಿನ ಮೇಲೆ ತೇಲುವ ಗುರುತಿನ ಬುರುಡೆಯವರೆಗೆ, ಅಂದರೆ ಬೋಯ್‌ವರೆಗೆ, ನೆಟ್ಟಗೆ ನಿಂತಿರುತ್ತದೆ. ಆ ಹಗ್ಗಕ್ಕೇ ತಿಮಿಂಗಿಲ ಸಿಕ್ಕಿಕೊಳ್ಳುವುದು. 2016ರಲ್ಲಿ ಪಶ್ಚಿಮ ಕರಾವಳಿಯಿಂದ ತಿಮಿಂಗಿಲ ಸಿಕ್ಕಿಕೊಂಡ 71 ವರದಿಗಳು ಬಂದವು. ಸಮುದ್ರ ಬಿಸಿಯಾಗಿ ಏಡಿಗಳಲ್ಲಿ ಪಾಚಿಯ ವಿಷ ಸೇರಿತ್ತು, ಹಾಗಾಗಿ ಏಡಿ ಹಂಗಾಮು ವಸಂತಕ್ಕೆ ಜಾರಿತು. ಹಂಪ್‌ಬ್ಯಾಕ್ ಜಾತಿಯ ತಿಮಿಂಗಿಲಗಳು ಮೇವಿಗೆ ಬರುವುದೂ ಆಗಲೇ.

ಈಗ ಹಗ್ಗದ ವಿಷಯ. ನನಗೆ ಜಾಸ್ತಿ ಹೊತ್ತು ಹಿಡಿದದ್ದು ಇದೇ, ಹಾಗಾಗಿ ಬಿಡಿಸಿ ಬರೆಯುತ್ತೇನೆ.

ತಿಮಿಂಗಿಲದ ಹಿಂದೆ ಬೋಯ್ ಮತ್ತು ಉದ್ದ ಹಗ್ಗ ತೇಲುತ್ತಾ ಬರುತ್ತಿದೆ ಅಂದುಕೊಳ್ಳಿ. ಕೈಗೆ ಸಿಗುವಷ್ಟು ಹತ್ತಿರ. ಕತ್ತರಿಸಿದರೆ ಭಾರವಾದರೂ ಇಳಿಯುತ್ತೆ ಅಲ್ವಾ ಅನ್ನಿಸುತ್ತದೆ. ಆದರೆ ಪ್ರಾಣ ತೆಗೆಯುವ ಸುತ್ತು ಅಲ್ಲಿಲ್ಲ. ಅದು ನೀರಿನೊಳಗೆ, ಬಾಲದ ಬುಡದಲ್ಲೋ ಬಾಯಲ್ಲೋ ಬಿಗಿದುಕೊಂಡಿದೆ. ತೇಲುವ ತುದಿ ಹೋದರೆ ಮೇಲಿನಿಂದ ನೋಡಿದವರಿಗೆ ತಿಮಿಂಗಿಲ ಚೆನ್ನಾಗಿಯೇ ಕಾಣುತ್ತದೆ, ಯಾರೂ ಫೋನ್ ಮಾಡುವುದಿಲ್ಲ, ಒಳಗಿನ ಸುತ್ತು ತಿಂಗಳುಗಟ್ಟಲೆ ಮಾಂಸ ಕೊಯ್ಯುತ್ತಲೇ ಇರುತ್ತದೆ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು: ಬಿಡಿಸುವ ತಂಡಕ್ಕೆ ಆ ತುದಿಯೇ ಹಿಡಿ. ಗಾಳಿ ತುಂಬಿದ ಸಣ್ಣ ದೋಣಿಯಿಂದ ಕೊಕ್ಕೆ ಎಸೆದು ಅದನ್ನೇ ಹಿಡಿಯುತ್ತಾರೆ. ಕತ್ತಲಾಗುವ ಹೊತ್ತಾದರೆ ಉಪಗ್ರಹಕ್ಕೆ ಸಂಕೇತ ಕಳಿಸುವ ಬೋಯ್ ಕಟ್ಟಿಬಿಡುತ್ತಾರೆ, ಮರುದಿನ ಮತ್ತೆ ಹುಡುಕಬಹುದು. ಹೊತ್ತಿದ್ದರೆ ದೊಡ್ಡ ದೊಡ್ಡ ಬೋಯ್‌ಗಳನ್ನು ಸೇರಿಸಿ ತಿಮಿಂಗಿಲ ದಣಿದು ನಿಧಾನವಾಗುವಂತೆ ಮಾಡುತ್ತಾರೆ. ಇದು ಹಳೆಯ ತಿಮಿಂಗಿಲ ಬೇಟೆಗಾರರ ಉಪಾಯ, ಅವರು ಪೀಪಾಯಿ ಕಟ್ಟುತ್ತಿದ್ದರು. ಮ್ಯಾಸಚೂಸೆಟ್ಸ್‌ನ ಪ್ರಾವಿನ್ಸ್‌ಟೌನ್‌ನಲ್ಲಿರುವ ಸೆಂಟರ್ ಫಾರ್ ಕೋಸ್ಟಲ್ ಸ್ಟಡೀಸ್‌ನವರು 1984ರಲ್ಲಿ ಐಬಿಸ್ ಎಂಬ ಹಂಪ್‌ಬ್ಯಾಕನ್ನು ಹೀಗೇ ಬಿಡಿಸಿದರು. ಕೊಲ್ಲುವ ವಿದ್ಯೆ ಉಳಿಸುವುದಕ್ಕೆ ಬಂತಲ್ಲ, ನನಗೆ ಇದು ತುಂಬಾ ಇಷ್ಟವಾಯಿತು. ಕೊನೆಗೆ ಉದ್ದನೆಯ ಕೋಲಿನ ತುದಿಯ ಬಾಗಿದ ಚಾಕು. ಕುಡುಗೋಲಿನ ಹಾಗೆ ಒಳಬದಿ ಮಾತ್ರ ಹರಿತ, ಹೊರಬದಿ ಮೊಂಡು. ಹಗ್ಗ ತುಂಡಾಗುತ್ತದೆ, ಚರ್ಮಕ್ಕೆ ತಾಗುವುದಿಲ್ಲ.

ನೀರಿಗೆ ಇಳಿಯುವ ಮಾತೇ ಇಲ್ಲ. 2017ರ ಜುಲೈ 10ರಂದು ಕೆನಡಾದ ಸೇಂಟ್ ಲಾರೆನ್ಸ್ ಕೊಲ್ಲಿಯಲ್ಲಿ ಜೋ ಹೌಲೆಟ್ ಒಂದು ರೈಟ್ ತಿಮಿಂಗಿಲವನ್ನು ಬಿಡಿಸಿದ ಕೂಡಲೇ ಅದರ ಹೊಡೆತಕ್ಕೆ ಸತ್ತರು. ವರ್ಷಗಟ್ಟಲೆ ಇದೇ ಕೆಲಸ ಮಾಡಿದ್ದವರು, ನೀರಿಗೆ ಇಳಿಯದೆ ದೋಣಿಯಲ್ಲೇ ಇದ್ದರೂ ಹೀಗಾಯಿತು.

ತಿಳಿಸುವುದು ಹೇಗೆ? ವಿಎಚ್‌ಎಫ್ ರೇಡಿಯೋ 16ನೇ ಚಾನೆಲ್‌ನಲ್ಲಿ ಕೋಸ್ಟ್ ಗಾರ್ಡ್‌ಗೆ, ಇಲ್ಲವೇ ನೋವಾದ ಸಹಾಯವಾಣಿಗೆ. ಅದೂ ತಿಮಿಂಗಿಲ ಕಣ್ಣೆದುರು ಇರುವಾಗಲೇ, ದಡಕ್ಕೆ ಬಂದ ಮೇಲಲ್ಲ. ಜಿಪಿಎಸ್ ಜಾಗ, ಸಮಯ, ಯಾವ ಕಡೆ ಹೋಗುತ್ತಿದೆ, ಎಷ್ಟು ವೇಗ, ಹಗ್ಗ ಮೈಯ ಯಾವ ಭಾಗದಲ್ಲಿದೆ, ಇಷ್ಟು ಹೇಳಿ. ಫೋಟೋವನ್ನು ಕನಿಷ್ಠ 100 ಗಜ ದೂರದಿಂದ ಜೂಮ್ ಮಾಡಿ ತೆಗೆಯಿರಿ. ಬೋಯ್‌ನ ಬಣ್ಣ ಮತ್ತು ನಂಬರ್ ಸಿಕ್ಕರೆ ಅದು ಯಾವ ಮೀನುಗಾರಿಕೆಯ ಹಗ್ಗ ಅಂತ ಗೊತ್ತಾಗುತ್ತದೆ. ಮುಳುಗುವಾಗ ಬಾಲ ಎತ್ತಿದರೆ ಅದರ ಅಡಿಭಾಗವನ್ನೂ ತೆಗೆಯಿರಿ, ಹಂಪ್‌ಬ್ಯಾಕ್‌ಗಳಲ್ಲಿ ಆ ಕಪ್ಪು-ಬಿಳಿ ಗುರುತು ಒಂದರದ್ದು ಇನ್ನೊಂದಕ್ಕಿಲ್ಲ.

ತಿಳಿಸಿದ ಮೇಲೂ ಯಾಕೆ ನಿಲ್ಲಬೇಕು? ಲೆಕ್ಕ ಹಾಕಿ ನೋಡಿ. ತಿಮಿಂಗಿಲ ಗಂಟೆಗೆ 3 ನಾಟಿಕಲ್ ಮೈಲಿ ಹೋಗುತ್ತಿದೆ, ತಂಡ ಬರುವುದು 4 ಗಂಟೆ ಬಿಟ್ಟು. ಅಷ್ಟರಲ್ಲಿ ಅದು ಯಾವ ದಿಕ್ಕಿಗಾದರೂ 12 ಮೈಲಿ ಹೋಗಿರಬಹುದು. ಹುಡುಕಬೇಕಾದ ವೃತ್ತ ಸುಮಾರು 450 ಚದರ ನಾಟಿಕಲ್ ಮೈಲಿ! ನೀವು ಅಲ್ಲೇ ಇದ್ದರೆ ಹುಡುಕುವ ಕೆಲಸವೇ ಇಲ್ಲ. ಇಂಧನ ಸಾಲದೆ ಹೊರಡಲೇಬೇಕಾದರೆ ಹತ್ತಿರದ ಇನ್ನೊಂದು ದೋಣಿಯವರನ್ನು ರೇಡಿಯೋದಲ್ಲಿ ಕೇಳಿ. ಯಾರೂ ಇಲ್ಲದಿದ್ದರೆ ಕೊನೆಯ ಸಲ ಕಂಡ ಜಾಗ, ಸಮಯ, ದಿಕ್ಕು ಮೂರನ್ನೂ ಕೋಸ್ಟ್ ಗಾರ್ಡ್‌ಗೆ ಹೇಳಿ ಹೊರಡಿ.