ಮುಚ್ಚಬೇಕಿದ್ದ ಕ್ಲಬ್ ಕಪ್ ಎತ್ತಿದ ಕಥೆ: ವೆಸ್ಟರ್ನ್ ಬುಲ್‌ಡಾಗ್ಸ್‌ನ 2016ರ ಸೀಸನ್

2016ರ ಅಕ್ಟೋಬರ್ 1, ಶನಿವಾರ. ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ 99,981 ಜನ. ಎಂಸಿಜಿ ಅಂದ ಕೂಡಲೇ ನಮಗೆ ನೆನಪಾಗುವುದು ಬಾಕ್ಸಿಂಗ್ ಡೇ ಟೆಸ್ಟ್, ಆದರೆ ಮೆಲ್ಬರ್ನ್‌ನ ಎಷ್ಟೋ ಜನಕ್ಕೆ ಅದು ಮೊದಲು ಫುಟಿ, ಅಂದರೆ ಆಸ್ಟ್ರೇಲಿಯನ್ ಫುಟ್‌ಬಾಲ್ ಮೈದಾನ, ಕ್ರಿಕೆಟ್ಟು ಆಮೇಲೆ. ಅವತ್ತು ವೆಸ್ಟರ್ನ್ ಬುಲ್‌ಡಾಗ್ಸ್ ತಂಡ ಸಿಡ್ನಿ ಸ್ವಾನ್ಸ್ ತಂಡವನ್ನು 89-67ರಿಂದ ಸೋಲಿಸಿತು. 62 ವರ್ಷಗಳ ನಂತರ ಅವರಿಗೆ ಸಿಕ್ಕ ಕಪ್ ಅದು. ಪಟ್ಟಿಯಲ್ಲಿ 7ನೇ ಸ್ಥಾನದಲ್ಲಿದ್ದು ಚಾಂಪಿಯನ್ ಆದ ತಂಡ ಅದಕ್ಕೆ ಮುಂಚೆ ಇರಲೇ ಇಲ್ಲ.

ಆಗ ಎಲ್ಲರೂ ಪವಾಡ ಪವಾಡ ಅಂದರು. ನನಗೆ ಆ ಮಾತು ಒಪ್ಪಿಗೆಯಿಲ್ಲ. ಪವಾಡ ಅಂದುಬಿಟ್ಟರೆ ಅದರ ಹಿಂದೆ ದುಡಿದವರ ಲೆಕ್ಕ ತಪ್ಪಿಹೋಗುತ್ತದೆ. ಈ ಸೀಸನ್ ಅರ್ಥವಾಗಬೇಕಾದರೆ 27 ವರ್ಷ ಹಿಂದಕ್ಕೆ, 1989ರ ಅಕ್ಟೋಬರ್‌ಗೆ ಹೋಗಬೇಕು. ಆ ತಿಂಗಳು ಈ ಕ್ಲಬ್ ಮುಗಿದೇಹೋಯಿತು ಅಂತ ಲೀಗಿನವರು ಘೋಷಿಸಿದ್ದರು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಆಡುವುದು ಕ್ರಿಕೆಟ್ ಮೈದಾನದಂಥ ಅಂಡಾಕಾರದ ಮೈದಾನದಲ್ಲಿ, ಒಂದೊಂದು ತಂಡದಲ್ಲಿ 18 ಜನ. ಚೆಂಡನ್ನು ಒದೆಯಬಹುದು, ಅಂಗೈಯಲ್ಲಿಟ್ಟು ಮುಷ್ಟಿಯಿಂದ ಗುದ್ದಿ ಪಾಸ್ ಮಾಡಬಹುದು, ಎಸೆಯುವ ಹಾಗಿಲ್ಲ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬದ ಮಧ್ಯೆ ಒದ್ದರೆ ಗೋಲ್, 6 ಪಾಯಿಂಟ್. ಪಕ್ಕದಲ್ಲಿ ಹೋದರೆ 1 ಪಾಯಿಂಟ್. ಎಎಫ್‌ಎಲ್ ಅನ್ನುವ ಲೀಗಿನಲ್ಲಿ ಆಗ 18 ತಂಡ, ಮೊದಲ 8 ತಂಡಗಳಿಗೆ ಫೈನಲ್ಸ್, ಅಂದರೆ ಪ್ಲೇಆಫ್. ಐಪಿಎಲ್‌ನಲ್ಲಿ ಮೊದಲ ಇಬ್ಬರಿಗೆ ಸೋತರೂ ಇನ್ನೊಂದು ಅವಕಾಶ ಇರುತ್ತಲ್ವಾ, ಹಾಗೆ ಇಲ್ಲಿ ಮೊದಲ ನಾಲ್ವರಿಗೆ ಆ ಅನುಕೂಲ. 5ರಿಂದ 8ರವರೆಗಿನವರು ಒಂದು ಪಂದ್ಯ ಸೋತರೂ ಮನೆಗೆ. ಅವರು ಕಪ್ ಎತ್ತಬೇಕಾದರೆ ನಾಲ್ಕಕ್ಕೆ ನಾಲ್ಕೂ ಗೆಲ್ಲಬೇಕು.

ಬುಲ್‌ಡಾಗ್ಸ್‌ನ ಮೊದಲ ಹೆಸರು ಫುಟ್‌ಸ್ಕ್ರೇ. ಮೆಲ್ಬರ್ನ್‌ನ ಪಶ್ಚಿಮಕ್ಕಿರುವ ಕಾರ್ಮಿಕರ ಬಡಾವಣೆ ಅದು. ಕಲ್ಲಿನ ಕ್ವಾರಿ, ಕಸಾಯಿಖಾನೆ, ಚರ್ಮ ಹದ ಮಾಡುವ ಜಾಗ, ಮದ್ದುಗುಂಡಿನ ಕಾರ್ಖಾನೆ, ಪಕ್ಕದಲ್ಲೇ ಬಂದರು. ಹೊರದೇಶದಿಂದ ಬಂದವರೆಲ್ಲ, ಇಟಲಿಯವರು, ಗ್ರೀಕರು, ಆಮೇಲೆ ವಿಯೆಟ್ನಾಂನವರು, ಮೊದಲು ಮನೆ ಹಿಡಿದದ್ದು ಇಂಥ ಕಡೆ. ದೊಡ್ಡ ಲೀಗಿಗೆ ಈ ಕ್ಲಬ್ ಸೇರಿದ್ದು 1925ರಲ್ಲಿ. ಮೊದಲ ಕಪ್ ಬಂದದ್ದು 1954ರಲ್ಲಿ, ಚಾರ್ಲಿ ಸಟ್ಟನ್ ಕ್ಯಾಪ್ಟನ್ನೂ ಅವರೇ, ಕೋಚೂ ಅವರೇ, ಮೆಲ್ಬರ್ನ್ ತಂಡದ ಮೇಲೆ 51 ಪಾಯಿಂಟ್‌ಗಳ ಗೆಲುವು, ಜ್ಯಾಕ್ ಕಾಲಿನ್ಸ್ ಒಬ್ಬರೇ 7 ಗೋಲ್. 1961ರಲ್ಲಿ ಮತ್ತೆ ಗ್ರ್ಯಾಂಡ್ ಫೈನಲ್‌ಗೆ, ಅಂದರೆ ಕಪ್ ಯಾರಿಗೆ ಅಂತ ತೀರ್ಮಾನವಾಗುವ ಕೊನೆಯ ಪಂದ್ಯಕ್ಕೆ ಹೋಗಿ ಹಾಥಾರ್ನ್‌ಗೆ ಸೋತರು. ಅಲ್ಲಿಂದ 2016ರವರೆಗೆ ಗ್ರ್ಯಾಂಡ್ ಫೈನಲ್ಲೇ ಇಲ್ಲ.

1980ರ ದಶಕದಲ್ಲಿ ಲೀಗಿನ ಲೆಕ್ಕಾಚಾರವೇ ಬದಲಾಯಿತು. ಅಲ್ಲಿಯವರೆಗೆ ಅದು ವಿಕ್ಟೋರಿಯಾ ರಾಜ್ಯದ ಲೀಗು, ವಿಎಫ್‌ಎಲ್. ಅದನ್ನು ದೇಶದ ಲೀಗು ಮಾಡಬೇಕು ಅಂತ ಹೊರಟರು. 1982ರಲ್ಲಿ ಸೌತ್ ಮೆಲ್ಬರ್ನ್ ಕ್ಲಬ್ಬನ್ನು ಸಿಡ್ನಿಗೆ ಸಾಗಿಸಿದರು. 1987ರಲ್ಲಿ ಪರ್ತ್‌ನಿಂದ ವೆಸ್ಟ್ ಕೋಸ್ಟ್, ಕ್ವೀನ್ಸ್‌ಲ್ಯಾಂಡ್‌ನಿಂದ ಬ್ರಿಸ್ಬೇನ್ ಬೇರ್ಸ್ ಸೇರಿದವು. ಒಂದೇ ಊರಲ್ಲಿ ಇಷ್ಟೊಂದು ಕ್ಲಬ್ ಯಾಕೆ ಬೇಕು, ಸಾಲದಲ್ಲಿರುವವು ಒಂದರೊಳಗೊಂದು ಸೇರಿಕೊಳ್ಳಲಿ ಅನ್ನುವುದು ಮೇಲಿನವರ ವಾದ. ದುಡ್ಡಿನ ಕಣ್ಣಿಂದ ನೋಡಿದರೆ ಅದರಲ್ಲಿ ತಪ್ಪು ಹುಡುಕುವುದು ಕಷ್ಟ. ಫುಟ್‌ಸ್ಕ್ರೇ ನಿಜಕ್ಕೂ ಸಾಲದಲ್ಲಿ ಮುಳುಗಿತ್ತು.

1989ರ ಅಕ್ಟೋಬರ್ ಶುರುವಿನಲ್ಲಿ ಸುದ್ದಿ ಬಂತು. ಫುಟ್‌ಸ್ಕ್ರೇ ಮತ್ತು ಫಿಟ್ಜ್‌ರಾಯ್ ಎರಡೂ ಸೇರಿ ಇನ್ನು ಮುಂದೆ ಫಿಟ್ಜ್‌ರಾಯ್ ಬುಲ್‌ಡಾಗ್ಸ್. ಊರಿನ ಹೆಸರು ಹೋಯಿತು, ನಾಯಿಯೊಂದು ಉಳಿಯಿತು. ಅಭಿಮಾನಿಗಳನ್ನು ಒಂದು ಮಾತು ಕೇಳಿರಲಿಲ್ಲ.

ಆಮೇಲೆ ನಡೆದದ್ದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಕ್ಲಬ್ಬಿನ ಅಭಿಮಾನಿ ಮಹಿಳೆಯೊಬ್ಬರು ಕೋರ್ಟಿಗೆ ಹೋದರು, ಅದರಿಂದ ಸ್ವಲ್ಪ ಕಾಲಾವಕಾಶ ಸಿಕ್ಕಿತು. ಪೀಟರ್ ಗಾರ್ಡನ್ ಅನ್ನುವ ಯುವ ವಕೀಲರು ಹೋರಾಟದ ಮುಂದೆ ನಿಂತರು. ಕಲ್ನಾರಿನ ಗಣಿಯಲ್ಲಿ ದುಡಿದು ಕಾಯಿಲೆ ಬಿದ್ದ ಕಾರ್ಮಿಕರ ಪರ ಕೇಸು ನಡೆಸಿದ ಸಂಸ್ಥೆಯ ವಕೀಲರು ಅವರು. ದೊಡ್ಡವರ ಎದುರು ನಿಲ್ಲುವುದು ಅವರಿಗೆ ಹೊಸದಲ್ಲ. ಕ್ಲಬ್ ಉಳಿಯಬೇಕಾದರೆ ಸುಮಾರು ಮೂರು ವಾರದಲ್ಲಿ 15 ಲಕ್ಷ ಡಾಲರ್ ಹೊಂದಿಸಬೇಕಿತ್ತು. ಶ್ರೀಮಂತರಿಲ್ಲದ ಬಡಾವಣೆಯಲ್ಲಿ ಅದು ಸಣ್ಣ ಮೊತ್ತ ಅಲ್ಲ. ವೆಸ್ಟರ್ನ್ ಓವಲ್ ಮೈದಾನದಲ್ಲಿ ಸಾವಿರಾರು ಜನ ಸೇರಿದರು. ಡಬ್ಬಿ ಹಿಡಿದು ಬೀದಿ ಬೀದಿ ಸುತ್ತಿದರು, ಮನೆ ಬಾಗಿಲು ತಟ್ಟಿದರು, ಪಿಂಚಣಿಯಲ್ಲಿ ಬದುಕುವ ಮುದುಕರೂ ಶಾಲೆಯ ಮಕ್ಕಳೂ ಕೈಲಾದಷ್ಟು ಹಾಕಿದರು. ದುಡ್ಡು ಹೊಂದಿತು. ವಿಲೀನ ಬಿದ್ದುಹೋಯಿತು. ಮರುವರ್ಷವೇ, 1990ರಲ್ಲಿ, ಟೋನಿ ಲಿಬರಟೋರೆ ಅನ್ನುವ ಪುಟ್ಟ ದೇಹದ ಆಟಗಾರ ಫುಟ್‌ಸ್ಕ್ರೇಗೆ ಆಡಿ ಲೀಗಿನ ಅತಿ ದೊಡ್ಡ ವೈಯಕ್ತಿಕ ಗೌರವ ಬ್ರೌನ್ಲೋ ಪದಕ ಗೆದ್ದರು. ಈ ಹೆಸರು ಮುಂದೆ ಮತ್ತೆ ಬರುತ್ತದೆ.

ಫಿಟ್ಜ್‌ರಾಯ್‌ಗೆ ಅಷ್ಟು ಅದೃಷ್ಟ ಇರಲಿಲ್ಲ. 1996ರಲ್ಲಿ ಆ ಕ್ಲಬ್ ಬ್ರಿಸ್ಬೇನ್ ಜೊತೆ ಸೇರಿ ಮೆಲ್ಬರ್ನ್‌ನಿಂದ ಕಾಣೆಯಾಯಿತು. ಅದನ್ನು ಓದುವಾಗ ಇವತ್ತಿಗೂ ಬೇಜಾರಾಗುತ್ತದೆ. ಅದೇ ವರ್ಷದ ಕೊನೆಯಲ್ಲಿ ಫುಟ್‌ಸ್ಕ್ರೇಯೂ ಹೆಸರು ಬದಲಿಸಿ ವೆಸ್ಟರ್ನ್ ಬುಲ್‌ಡಾಗ್ಸ್ ಆಯಿತು. ಒಂದು ಬಡಾವಣೆಗೆ ಅಂಟಿಕೊಂಡರೆ ಬದುಕುವುದು ಕಷ್ಟ, ಇಡೀ ಪಶ್ಚಿಮ ಭಾಗವನ್ನೇ ನಮ್ಮದು ಅನ್ನಬೇಕು ಅನ್ನುವುದು ಯೋಚನೆ. ಹಳಬರಿಗೆ ನೋವಾಯಿತು.

ಕ್ಲಬ್ಬೇನೋ ಉಳಿಯಿತು, ಕಪ್ ಮಾತ್ರ ಬರಲಿಲ್ಲ. ಗ್ರ್ಯಾಂಡ್ ಫೈನಲ್‌ಗೆ ಒಂದೇ ಮೆಟ್ಟಿಲು ಬಾಕಿ ಇರುವ ಪಂದ್ಯಕ್ಕೆ ಪ್ರಿಲಿಮಿನರಿ ಫೈನಲ್ ಅನ್ನುತ್ತಾರೆ. 1985, 1992, 1997, 1998, 2008, 2009, 2010. ಏಳು ಸಲ ಅಲ್ಲಿವರೆಗೆ ಹೋಗಿ ಏಳು ಸಲವೂ ಸೋತರು. 1997ರದ್ದು ಮರೆಯುವಂಥದ್ದಲ್ಲ. ಕೊನೆಯ ಕ್ವಾರ್ಟರ್‌ವರೆಗೂ ಮುಂದಿದ್ದವರು ಅಡಿಲೇಡ್‌ಗೆ 2 ಪಾಯಿಂಟ್‌ಗಳಿಂದ ಸೋತರು. ಟೋನಿ ಲಿಬರಟೋರೆ ಒದ್ದ ಒಂದು ಚೆಂಡು ಗೋಲೇ ಆಯಿತು ಅಂತ ಕೈಯೆತ್ತಿ ಕುಣಿದರು, ಅಂಪೈರ್ ಒಂದೇ ಪಾಯಿಂಟ್ ಕೊಟ್ಟರು.

2014ರ ಕೊನೆಗೆ ಮತ್ತೆ ಎಲ್ಲ ಕುಸಿಯಿತು. ಕ್ಯಾಪ್ಟನ್ ರಯಾನ್ ಗ್ರಿಫೆನ್ ನಾನಿಲ್ಲಿ ಇರಲ್ಲ ಅಂತ ಸಿಡ್ನಿಯ ಹೊಸ ಕ್ಲಬ್ ಜಿಡಬ್ಲ್ಯುಎಸ್ ಕಡೆ ಹೋದರು. ಕೋಚ್ ಬ್ರೆಂಡನ್ ಮೆಕಾರ್ಟ್ನಿ ರಾಜೀನಾಮೆ ಕೊಟ್ಟರು. ಆ್ಯಡಮ್ ಕೂನಿ, ಶಾನ್ ಹಿಗಿನ್ಸ್ ಥರದ ಅನುಭವಿಗಳೂ ಬಿಟ್ಟರು. ಗ್ರಿಫೆನ್ ಬದಲಿಗೆ ಬಂದದ್ದು ಟಾಮ್ ಬಾಯ್ಡ್, 19 ವರ್ಷದ ಎತ್ತರದ ಹುಡುಗ. ಏಳು ವರ್ಷಕ್ಕೆ ಸುಮಾರು 70 ಲಕ್ಷ ಡಾಲರ್ ಒಪ್ಪಂದ ಅಂತ ಪತ್ರಿಕೆಗಳು ಬರೆದವು. ಇನ್ನೂ ಏನೂ ಸಾಧಿಸದ ಹುಡುಗನಿಗೆ ಇಷ್ಟು ದುಡ್ಡಾ ಅಂತ ಬೈದವರೇ ಜಾಸ್ತಿ.

ಹೊಸ ಕೋಚ್ ಆಗಿ ಲ್ಯೂಕ್ ಬೆವರಿಜ್ ಬಂದರು. ಅದಕ್ಕೆ ಮುಂಚೆ ಸೇಂಟ್ ಬೀಡ್ಸ್ ಮೆಂಟೋನ್ ಅನ್ನುವ ಹವ್ಯಾಸಿ ಕ್ಲಬ್ಬಿಗೆ ಸಾಲಾಗಿ ಮೂರು ವರ್ಷ, ಮೂರು ಬೇರೆ ಬೇರೆ ದರ್ಜೆಯಲ್ಲಿ ಕಪ್ ಗೆದ್ದುಕೊಟ್ಟಿದ್ದವರು. ಕ್ಯಾಪ್ಟನ್ ಪಟ್ಟ ಬಾಬ್ ಮರ್ಫಿಗೆ ಸಿಕ್ಕಿತು. 2000ದಿಂದ ಇದೇ ಕ್ಲಬ್ಬಿಗೆ ಆಡುತ್ತಿದ್ದ, ಎಲ್ಲರೂ ಪ್ರೀತಿಸುವ ಮನುಷ್ಯ. 2015ರಲ್ಲಿ ಇವರು 6ನೇ ಸ್ಥಾನಕ್ಕೆ ಏರಿದಾಗ ಎಲ್ಲರಿಗೂ ಆಶ್ಚರ್ಯ.

ಇನ್ನು 2016. ಮೂರನೇ ಸುತ್ತಿನಲ್ಲಿ, ಸತತ ಮೂರು ವರ್ಷ ಚಾಂಪಿಯನ್ ಆಗಿದ್ದ ಹಾಥಾರ್ನ್ ವಿರುದ್ಧ, ಪಂದ್ಯದ ಕೊನೆಕೊನೆಯಲ್ಲಿ ಮರ್ಫಿ ಚೆಂಡಿಗಾಗಿ ಹಾರಿ ಕೆಳಗೆ ಬಿದ್ದಾಗ ಮಂಡಿಯ ಲಿಗಮೆಂಟ್ ಹರಿಯಿತು. 33 ವರ್ಷದ ಆಟಗಾರನಿಗೆ ಅಲ್ಲಿಗೆ ಸೀಸನ್ ಮುಗಿಯಿತು. ತಂಡ 3 ಪಾಯಿಂಟ್‌ಗಳಿಂದ ಸೋತಿತು. ಅಲ್ಲಿಂದ ಗಾಯದ ಸರಣಿಯೇ ಶುರುವಾಯಿತು, ಜುಲೈನಲ್ಲಿ ಒಂದೇ ಪಂದ್ಯದಲ್ಲಿ ಮಿಚ್ ವಾಲಿಸ್ ಕಾಲು ಮುರಿಯಿತು, ಜ್ಯಾಕ್ ರೆಡ್‌ಪಾತ್ ಮಂಡಿ ಹೋಯಿತು, ಸೀಸನ್ ಕೊನೆಗೆ ಬರುವಷ್ಟರಲ್ಲಿ ಯಾರು ಆಡುತ್ತಾರೆ ಯಾರು ಇಲ್ಲ ಅಂತ ಪ್ರತಿ ವಾರ ಎಣಿಸುವ ಸ್ಥಿತಿ. ಈಸ್ಟನ್ ವುಡ್ ಮರ್ಫಿಯ ಜಾಗದಲ್ಲಿ ತಂಡ ನಡೆಸಿದರು. ಅಷ್ಟಾದರೂ 22 ಪಂದ್ಯದಲ್ಲಿ 15 ಗೆದ್ದರು. ಬೇರೆ ವರ್ಷವಾಗಿದ್ದರೆ 15 ಗೆಲುವಿಗೆ ಮೊದಲ ನಾಲ್ಕರಲ್ಲಿ ಜಾಗ ಸಿಗಬಹುದಿತ್ತು. ಆ ವರ್ಷ ಸಿಕ್ಕಿದ್ದು 7ನೇದು.

ಇಲ್ಲಿ ಒಂದು ಸಣ್ಣ ನಿಯಮ ದೊಡ್ಡ ಕೆಲಸ ಮಾಡಿತು. 2015ರ ಕೊನೆಯ ಸುತ್ತಿನಲ್ಲಿ ಫ್ರೀಮ್ಯಾಂಟಲ್, ನಾರ್ತ್ ಮೆಲ್ಬರ್ನ್ ಎರಡೂ ಫೈನಲ್ಸ್‌ಗೆ ಅಂತ ಮುಖ್ಯ ಆಟಗಾರರನ್ನು ಕೂರಿಸಿ ಎರಡನೇ ದರ್ಜೆಯ ತಂಡ ಆಡಿಸಿದ್ದವು. ಅದನ್ನು ತಪ್ಪಿಸಲು ಲೀಗಿನವರು 2016ರಿಂದ ಫೈನಲ್ಸ್‌ಗೆ ಮುಂಚೆ ಎಲ್ಲರಿಗೂ ಒಂದು ವಾರ ರಜೆ ತಂದರು. ಆ ರಜೆಯಿಂದ ಬುಲ್‌ಡಾಗ್ಸ್‌ಗಾದಷ್ಟು ಲಾಭ ಬೇರೆ ಯಾರಿಗೂ ಆಗಲಿಲ್ಲ. ಟಾಮ್ ಲಿಬರಟೋರೆ, ಜ್ಯಾಕ್ ಮ್ಯಾಕ್ರೇ ಥರದವರು ಚೇತರಿಸಿಕೊಂಡು ವಾಪಸ್ ಬಂದರು.

ಮೊದಲ ಫೈನಲ್ ಪರ್ತ್‌ನಲ್ಲಿ, ಗುರುವಾರ ರಾತ್ರಿ, 6ನೇ ಸ್ಥಾನದ ವೆಸ್ಟ್ ಕೋಸ್ಟ್ ವಿರುದ್ಧ. ಯಾರೂ ನಿರೀಕ್ಷೆ ಇಟ್ಟಿರಲಿಲ್ಲ. 47 ಪಾಯಿಂಟ್‌ಗಳಿಂದ ಗೆದ್ದರು. ಮುಂದಿನ ವಾರ ಹಾಥಾರ್ನ್, 23 ಪಾಯಿಂಟ್. ಮೂರು ವರ್ಷದ ಸಾಮ್ರಾಜ್ಯ ಅವತ್ತು ಮುಗಿಯಿತು. ಮೂರನೆಯದು ಸಿಡ್ನಿಯಲ್ಲಿ ಜಿಡಬ್ಲ್ಯುಎಸ್ ವಿರುದ್ಧ, ಗ್ರಿಫೆನ್ ಬಿಟ್ಟುಹೋಗಿ ಸೇರಿದ್ದ ಅದೇ ಕ್ಲಬ್. ಲೀಗೇ ಕೈಯಾರೆ ಕಟ್ಟಿ, ದೇಶದ ಒಳ್ಳೊಳ್ಳೆ ಹುಡುಗರನ್ನು ಆರಿಸಿಕೊಳ್ಳಲು ಬಿಟ್ಟ ತಂಡ. ಮೆಲ್ಬರ್ನ್‌ನಿಂದ ರಾತ್ರಿಯೆಲ್ಲ ಕಾರು ಓಡಿಸಿಕೊಂಡು ಬಂದವರಿದ್ದರು. ಮ್ಯಾಕ್ರೇ ಕೊನೆಯ ನಿಮಿಷಗಳಲ್ಲಿ ಹೊಡೆದ ಗೋಲ್ ದಾರಿ ತೋರಿಸಿತು, 89-83. ಏಳು ಸಲ ಮುಚ್ಚಿದ್ದ ಬಾಗಿಲು ಎಂಟನೇ ಸಲ ತೆರೆಯಿತು.

ಗ್ರ್ಯಾಂಡ್ ಫೈನಲ್‌ನಲ್ಲಿ ಎದುರಿಗಿದ್ದವರು ಪಟ್ಟಿಯಲ್ಲಿ ಮೊದಲನೇ ಸ್ಥಾನದ ಸಿಡ್ನಿ. ಅಂದರೆ 1982ರಲ್ಲಿ ಮನೆಬಿಟ್ಟು ಹೋಗಬೇಕಾಗಿ ಬಂದ ಹಳೆಯ ಸೌತ್ ಮೆಲ್ಬರ್ನ್. ಮೂರನೇ ಕ್ವಾರ್ಟರ್ ಕೊನೆಗೆ ಬುಲ್‌ಡಾಗ್ಸ್ ಮುಂದಿದ್ದದ್ದು ಬರೀ 8 ಪಾಯಿಂಟ್. ಕೊನೆಯ ಕ್ವಾರ್ಟರ್‌ನಲ್ಲಿ ಜೇಸನ್ ಜೊಹಾನಿಸೆನ್ ಗೋಲ್ ಹೊಡೆದ, ಇಡೀ ಮೈದಾನ ಎದ್ದು ನಿಂತಿತು, ವಿಡಿಯೋ ನೋಡಿ ಚೆಂಡು ಕೈಗೆ ತಾಗಿದೆ ಅಂತ ರದ್ದು ಮಾಡಿದರು. 1997 ನೋಡಿದವರ ಎದೆ ಧಸಕ್ ಅಂದಿರಬೇಕು. ಅದಾದ ಸ್ವಲ್ಪ ಹೊತ್ತಿಗೆ ಸಿಡ್ನಿಯ ದೈತ್ಯ ಲ್ಯಾನ್ಸ್ ಫ್ರ್ಯಾಂಕ್ಲಿನ್ ಚೆಂಡು ಹಿಡಿದು ತಿರುಗುವಾಗ ಡೇಲ್ ಮಾರಿಸ್ ಹಿಂದಿನಿಂದ ಬಿದ್ದು ತಬ್ಬಿ ಕೆಡವಿದರು. ಮಾರಿಸ್‌ಗೆ ಆಗ 33 ವರ್ಷ, ಬೆನ್ನುಮೂಳೆಯಲ್ಲಿ ಬಿರುಕಿಟ್ಟುಕೊಂಡೇ ಫೈನಲ್ಸ್ ಆಡಿದ್ದರು ಅಂತ ಆಮೇಲೆ ಗೊತ್ತಾಯಿತು. ಜಾರಿದ ಚೆಂಡು ಟಾಮ್ ಬಾಯ್ಡ್ ಕೈ ಸೇರಿತು. ಸುಮಾರು 60 ಮೀಟರ್ ದೂರ. ಒದ್ದ. ಮುಂದೆ ಯಾರೂ ಇರಲಿಲ್ಲ, ಚೆಂಡು ನೆಲಕ್ಕೆ ಬಿದ್ದು ಪುಟಿದು ಸೀದಾ ಕಂಬಗಳ ನಡುವೆ ಹೋಯಿತು. ದುಡ್ಡು ದಂಡ ಅಂದವರ ಬಾಯಿ ಅಲ್ಲಿಗೆ ಬಂದ್. ಲಿಯಾಮ್ ಪಿಕೆನ್ ಇನ್ನೊಂದು ಗೋಲ್ ಸೇರಿಸಿದ ಮೇಲೆ ಅನುಮಾನ ಉಳಿಯಲಿಲ್ಲ.

ಪಂದ್ಯದ ಶ್ರೇಷ್ಠ ಆಟಗಾರನಿಗೆ ಕೊಡುವ ನಾರ್ಮ್ ಸ್ಮಿತ್ ಪದಕ ಜೊಹಾನಿಸೆನ್‌ಗೆ ಬಂತು. ಗೆದ್ದ ಕೋಚ್‌ಗೂ ಒಂದು ಪದಕ ಇದೆ, ಜಾಕ್ ಮೆಕ್‌ಹೇಲ್ ಹೆಸರಿನದು. ಬೆವರಿಜ್ ಅದನ್ನು ಕೊರಳಿಗೆ ಹಾಕಿಸಿಕೊಂಡವರೇ ಮರ್ಫಿಯನ್ನು ವೇದಿಕೆಗೆ ಕರೆದು, ಇದು ನಿನಗೇ ಸೇರಬೇಕಾದ್ದು ಅಂತ ಅವರ ಕೊರಳಿಗೆ ಹಾಕಿಬಿಟ್ಟರು. ಆಡದವರಿಗೆ ಪದಕ ಇಲ್ಲ ಅನ್ನುವುದು ನಿಯಮ. ಮರ್ಫಿ, ವುಡ್ ಇಬ್ಬರೂ ಸೇರಿ ಕಪ್ ಎತ್ತಿದರು. ಮರ್ಫಿ ಆ ಪದಕವನ್ನು ಇಟ್ಟುಕೊಳ್ಳಲಿಲ್ಲ, ಬೆವರಿಜ್‌ಗೇ ವಾಪಸ್ ಕೊಟ್ಟರು.

ಈ ತಂಡವನ್ನು ಕಟ್ಟಿದ ರೀತಿ ನೋಡಿ. ಜೊಹಾನಿಸೆನ್, ಮಾರಿಸ್, ಪಿಕೆನ್, ಮ್ಯಾಥ್ಯೂ ಬಾಯ್ಡ್, ನಾಲ್ವರೂ ಕ್ಲಬ್‌ಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಮುಖ್ಯ ಡ್ರಾಫ್ಟ್‌ನಲ್ಲಿ ಯಾರಿಗೂ ಬೇಡವಾಗಿ, ಉಳಿದವರಿಗಿರುವ ರೂಕಿ ಪಟ್ಟಿಯಿಂದ ಬಂದವರು. 168 ಸೆಂ.ಮೀ. ಎತ್ತರದ ಕೇಲಬ್ ಡೇನಿಯಲ್ ಲೀಗಿನಲ್ಲೇ ಕುಳ್ಳ. ಇನ್ನೊಂದು ನಿಯಮ ಇದೆ: ಅಪ್ಪ ಒಂದು ಕ್ಲಬ್ಬಿಗೆ 100 ಪಂದ್ಯ ಆಡಿದ್ದರೆ ಮಗನನ್ನು ಪಡೆಯಲು ಅದೇ ಕ್ಲಬ್ಬಿಗೆ ಮೊದಲ ಹಕ್ಕು. ಅವತ್ತು ಆಡಿದ ಟಾಮ್ ಲಿಬರಟೋರೆ, ಟೋನಿಯ ಮಗ. ಲಾಕೀ ಹಂಟರ್, ಝೇನ್ ಕಾರ್ಡಿ ಅಪ್ಪಂದಿರೂ ಫುಟ್‌ಸ್ಕ್ರೇಗೆ ಆಡಿದವರೇ. ಕಾಲು ಮುರಿದು ಹೊರಗೆ ಕೂತಿದ್ದ ಮಿಚ್ ವಾಲಿಸ್ ಅಪ್ಪನೂ ಅಷ್ಟೇ. 1989ರಲ್ಲಿ ಡಬ್ಬಿಗೆ ಬಿದ್ದ ಚಿಲ್ಲರೆ ಕಾಸು ಏನು ಕೊಂಡಿತು ಅಂತ ಯಾರಾದರೂ ಕೇಳಿದರೆ ನಾನು ಈ ಹೆಸರುಗಳನ್ನೇ ಹೇಳುತ್ತೇನೆ. ಅಂದಹಾಗೆ 2016ರಲ್ಲಿ ಕ್ಲಬ್ಬಿನ ಅಧ್ಯಕ್ಷರು ಅದೇ ಪೀಟರ್ ಗಾರ್ಡನ್.

ಸಿಡ್ನಿಯವರ ದೂರು ಒಂದಿದೆ. ಆ ಪಂದ್ಯದಲ್ಲಿ ಫ್ರೀ ಕಿಕ್ ಬುಲ್‌ಡಾಗ್ಸ್‌ಗೆ 20, ಸಿಡ್ನಿಗೆ 8. ಇಷ್ಟು ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ, ಅವರ ಸಿಟ್ಟು ಸುಮ್ನೆ ಅಲ್ಲ. ಆದರೆ ಚೆಂಡಿಗೆ ಮೊದಲು ಬಗ್ಗುವ ತಂಡಕ್ಕೆ ಫ್ರೀ ಕಿಕ್ ಜಾಸ್ತಿ ಸಿಗುತ್ತದೆ, ಆ ತಿಂಗಳಿಡೀ ಇವರು ಆಡಿದ್ದು ಹಾಗೆಯೇ ಅನ್ನುವುದು ನನ್ನ ಅಭಿಪ್ರಾಯ.

ಮರುವರ್ಷ ತಂಡ 10ನೇ ಸ್ಥಾನಕ್ಕೆ ಇಳಿಯಿತು, ಮರ್ಫಿ ನಿವೃತ್ತರಾದರು. ಟಾಮ್ ಬಾಯ್ಡ್ 2019ರಲ್ಲಿ, 23ನೇ ವಯಸ್ಸಿಗೇ, ಒಪ್ಪಂದದ ದುಡ್ಡು ಬಾಕಿ ಇರುವಾಗಲೇ ಆಟ ಬಿಟ್ಟರು. ಮಾನಸಿಕ ಆರೋಗ್ಯದ ಬಗ್ಗೆ ಅವರು ಆಮೇಲೆ ಮುಚ್ಚುಮರೆಯಿಲ್ಲದೆ ಮಾತಾಡಿದ್ದಾರೆ. 2018ರಲ್ಲಿ ಕ್ಲಬ್ಬಿನ ಮಹಿಳಾ ತಂಡ ತನ್ನ ಎರಡನೇ ಸೀಸನ್‌ನಲ್ಲೇ ಚಾಂಪಿಯನ್ ಆಯಿತು. 2021ರಲ್ಲಿ ಪುರುಷರ ತಂಡ 5ನೇ ಸ್ಥಾನದಿಂದ ಮತ್ತೆ ಗ್ರ್ಯಾಂಡ್ ಫೈನಲ್ ತಲುಪಿ, ಮೆಲ್ಬರ್ನ್ ಕೈಯಲ್ಲಿ 74 ಪಾಯಿಂಟ್‌ಗಳಿಂದ ಸೋತಿತು.

ಈಗ ಕ್ಲಬ್ಬಿನ ಮುಂದಿರುವ ಕೆಲಸ ಬೇರೆ. ಮೆಲ್ಬರ್ನ್‌ನ ಪಶ್ಚಿಮ ಭಾಗ ಟಾರ್ನೀಟ್, ಟ್ರುಗನೀನಾ, ಪಾಯಿಂಟ್ ಕುಕ್ ಅಂತ ಬೆಳೆಯುತ್ತಲೇ ಇದೆ, ಅಲ್ಲಿ ಭಾರತದಿಂದ ಹೋದ ಕುಟುಂಬಗಳು ತುಂಬಾ ಇವೆ, ಕನ್ನಡದವರೂ ಇದ್ದಾರೆ. ಅವರ ಮನೆಗಳಲ್ಲಿ ಮೊದಲು ಕೈಗೆ ಸಿಗುವುದು ಕ್ರಿಕೆಟ್ ಬ್ಯಾಟು. ಆ ಮಕ್ಕಳು ಶಾಲೆಯಲ್ಲಿ ಅಂಡಾಕಾರದ ಚೆಂಡು ಒದೆಯಲು ಕಲಿತು, ಕೆಂಪು ಬಿಳಿ ನೀಲಿ ಜರ್ಸಿ ಕೊಡಿಸಿ ಅಂತ ಅಪ್ಪ ಅಮ್ಮನ್ನ ಕೇಳುವ ಹಾಗೆ ಮಾಡುವುದು ಕ್ಲಬ್ಬಿಗೆ ಬಿಟ್ಟದ್ದು.